ಕಾಲೇಜು ನಡೆಸುವ ಸಮಿತಿಗಳಲ್ಲಿ ನಮ್ಮ ಕುರ್ಚಿ ಖಾಲಿ

ಮಾನ್ಯ ಸಂಪಾದಕರೇ,

ಜೂನ್ ಬಂತೆಂದರೆ ಮುಂಬಯಿಯ ಕಾಲೇಜುಗಳಿಂದ ಪಾಲಕರ ವಾಟ್ಸಾಪ್ ಗುಂಪುಗಳಿಗೆ ಸುತ್ತೋಲೆಗಳು ಬರತೊಡಗುತ್ತವೆ. ಹೊಸ ಲ್ಯಾಬ್ ಉದ್ಘಾಟನೆ, ಯಾವುದೋ ಕಂಪನಿಯೊಂದಿಗೆ ಒಡಂಬಡಿಕೆ, ಹಾಜರಾತಿ ನಿಯಮ ಬಿಗಿ, ಶುಲ್ಕ ಪರಿಷ್ಕರಣೆ. ಎಲ್ಲದರ ಕೊನೆಗೂ 'ಆಡಳಿತ ಮಂಡಳಿ ತೀರ್ಮಾನಿಸಿದೆ' ಎಂಬ ಒಂದೇ ಸಾಲು. ಯಾವ ಸಮಿತಿ, ಯಾವ ತಾರೀಕಿನ ಸಭೆ, ಅಲ್ಲಿ ಅಧ್ಯಾಪಕರ ಪ್ರತಿನಿಧಿ ಇದ್ದರೇ, ವಿದ್ಯಾರ್ಥಿಗಳ ಪರವಾಗಿ ಯಾರಾದರೂ ಇದ್ದರೇ ಎಂಬುದು ಮಾತ್ರ ಇರುವುದಿಲ್ಲ. ಕೇಳುವವರೂ ಇಲ್ಲ. ಸಂಘದ ವಾರ್ಷಿಕ ಮಹಾಸಭೆಯಲ್ಲಿ ಚಹಾ-ತಿಂಡಿಯ ಖರ್ಚಿಗೂ ವೋಚರ್ ಕೇಳುವ ನಮ್ಮ ಮುಂಬಯಿ ಕನ್ನಡಿಗರು, ಮಗಳ ಕಾಲೇಜಿನ ಮಾತು ಬಂದಾಗ 'ದೊಡ್ಡವರು ನೋಡಿಕೊಳ್ಳುತ್ತಾರೆ ಬಿಡಿ' ಎಂದು ಸುಮ್ಮನಾಗುತ್ತಾರೆ.

ಕಾನೂನು ಹಾಗೆ ಸುಮ್ಮನಿರಿ ಎಂದು ಹೇಳಿಲ್ಲ. 2017ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯ್ದೆ, 2016ರ 97ನೇ ಕಲಮಿನ ಪ್ರಕಾರ ವಿಶ್ವವಿದ್ಯಾಲಯದ ಮಾನ್ಯತೆಗೆ ಒಳಪಟ್ಟ ಪ್ರತಿ ಸಂಲಗ್ನ ಕಾಲೇಜಿನಲ್ಲೂ ಕಾಲೇಜು ಅಭಿವೃದ್ಧಿ ಸಮಿತಿ ಇರಲೇಬೇಕು. ಸ್ಟಾಫ್ ರೂಮಿನಲ್ಲಿ ಅದನ್ನು ಸಿಡಿಸಿ ಎನ್ನುತ್ತಾರೆ. ಸಂಸ್ಥೆಯ ಅಧ್ಯಕ್ಷರು ಮತ್ತು ಕಾರ್ಯದರ್ಶಿ, ಪ್ರಿನ್ಸಿಪಾಲರು ಹೆಸರಿಸಿದ ಒಬ್ಬ ವಿಭಾಗ ಮುಖ್ಯಸ್ಥರು, ಅಧ್ಯಾಪಕರೇ ಆರಿಸಿದ ಮೂವರು ಅಧ್ಯಾಪಕರು (ಅವರಲ್ಲಿ ಒಬ್ಬರಾದರೂ ಮಹಿಳೆ), ಬೋಧಕೇತರ ಸಿಬ್ಬಂದಿ ಆರಿಸಿದ ಒಬ್ಬರು, ಶಿಕ್ಷಣ, ಉದ್ಯಮ, ಸಂಶೋಧನೆ, ಸಮಾಜಸೇವೆಯ ಕ್ಷೇತ್ರಗಳಿಂದ ನಾಲ್ವರು ಸ್ಥಳೀಯರು, ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಘಟಕ) ಸಂಯೋಜಕರು, ವಿದ್ಯಾರ್ಥಿ ಮಂಡಳಿಯ ಅಧ್ಯಕ್ಷ ಮತ್ತು ಕಾರ್ಯದರ್ಶಿ ಇದರಲ್ಲಿರುತ್ತಾರೆ. ಪ್ರಿನ್ಸಿಪಾಲರು ಸದಸ್ಯ-ಕಾರ್ಯದರ್ಶಿ. ವರ್ಷಕ್ಕೆ ಕನಿಷ್ಠ ನಾಲ್ಕು ಸಭೆ ಆಗಬೇಕು. ಕಾಲೇಜಿನ ಬಜೆಟ್ ಅಂದಾಜು, ಹೊಸ ಖರ್ಚಿನ ಪ್ರಸ್ತಾವ, ವಾರ್ಷಿಕ ವೇಳಾಪಟ್ಟಿ, ವಿದ್ಯಾರ್ಥಿ ಕಲ್ಯಾಣ, ಶಿಸ್ತು, ಸುರಕ್ಷತೆ ಎಲ್ಲವೂ ಈ ಮೇಜಿನ ಮೇಲೆ ಬರಬೇಕಾದ ವಿಷಯಗಳೇ.

ಕೆಡುವುದು ಎಲ್ಲಿ ಎಂದರೆ, ಕಾಗದದ ಮೇಲೆ ನಾಲ್ಕೂ ಸಭೆ ನಡೆದಿರುತ್ತವೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಸುದ್ದಿ ಬಂದಾಗ ಎರಡು ವರ್ಷದ ಮಿನಿಟ್ಸ್ ಒಟ್ಟಿಗೇ ಟೈಪಾಗುತ್ತವೆ, ಹಾಜರಿ ಪುಸ್ತಕ ಸಹಿಗಾಗಿ ಮೇಜಿಂದ ಮೇಜಿಗೆ ಓಡಾಡುತ್ತದೆ. ಇಂಥ ಮಿನಿಟ್ಸನ್ನು ಗುರುತಿಸುವುದು ಕಷ್ಟವಲ್ಲ. ನಾಲ್ಕೂ ಸಭೆಗಳಲ್ಲಿ 'ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂಬ ಅದೇ ವಾಕ್ಯ ಇರುತ್ತದೆ, ಹಿಂದಿನ ಸಭೆಯ ತೀರ್ಮಾನದ ಮೇಲೆ ಏನು ಕ್ರಮವಾಯಿತು ಎಂಬ ಕಾಲಂ ಇರುವುದಿಲ್ಲ, ಮೊತ್ತಗಳಂತೂ ಹುಡುಕಿದರೂ ಸಿಗುವುದಿಲ್ಲ. ನಿಜವಾದ ಮಿನಿಟ್ಸಿನಲ್ಲಿ ಒಬ್ಬರಾದರೂ ಏನಾದರೂ ಆಕ್ಷೇಪ ಎತ್ತಿರುತ್ತಾರೆ, ಯಾವುದಾದರೂ ಒಂದು ವಿಷಯ ಮುಂದಿನ ಸಭೆಗೆ ಹೋಗಿರುತ್ತದೆ. ಅಧ್ಯಾಪಕರ ಮೂರು ಸ್ಥಾನಗಳ ಕಥೆಯೂ ಹೀಗೆಯೇ. ಚುನಾವಣೆ ಎಂದು ಕಾಯ್ದೆ ಹೇಳುತ್ತದೆ, ಸ್ಟಾಫ್ ಮೀಟಿಂಗಿನಲ್ಲಿ 'ಅವಿರೋಧ' ಎಂದು ಮೂರು ಹೆಸರು ಓದಿ ಮುಗಿಸುತ್ತಾರೆ. ಆಮೇಲೆ ಅಧ್ಯಾಪಕರು ನಮ್ಮನ್ನು ಯಾರೂ ಕೇಳಲಿಲ್ಲ ಎಂದು ಕ್ಯಾಂಟೀನಿನಲ್ಲಿ ಕೂತು ಗೊಣಗುವುದರಲ್ಲಿ ಅರ್ಥವಿಲ್ಲ.

ಸ್ಥಳೀಯ ನಾಲ್ವರಲ್ಲಿ ಕನಿಷ್ಠ ಒಬ್ಬರು ಹಳೆ ವಿದ್ಯಾರ್ಥಿಯಾಗಿರಬೇಕು. ನಮ್ಮವರು ಗಮನಿಸಬೇಕಾದದ್ದು ಈ ಸ್ಥಾನ. ಈ ಊರಿನಲ್ಲಿ ಕನ್ನಡಿಗರು ವಿದ್ಯಾರ್ಥಿಗಳಾಗಿ ಮಾತ್ರ ಇರುವುದಲ್ಲ, ಸ್ವತಃ ಕಾಲೇಜು ಕಟ್ಟಿ ನಡೆಸುತ್ತಿರುವವರೂ ಹೌದು. ಪೊವಾಯಿ, ಕುರ್ಲಾಗಳಲ್ಲಿ ಬಂಟರ ಸಂಘದ ಕಾಲೇಜುಗಳಿವೆ. ಲೆಕ್ಕಪತ್ರ ಬಲ್ಲ ಸಿಎಗಳು, ಹೋಟೆಲ್ ಉದ್ಯಮಿಗಳು, ಬ್ಯಾಂಕಿನಿಂದ ನಿವೃತ್ತರಾದವರು ನಮ್ಮಲ್ಲಿ ಬೇಕಾದಷ್ಟು ಜನ. ತಾವು ಓದಿದ ಕಾಲೇಜಿನ ಸಿಡಿಸಿ ಅವಧಿ ಯಾವಾಗ ಮುಗಿಯುತ್ತದೆ ಎಂದು ವಿಚಾರಿಸಿ, ಹಳೆ ವಿದ್ಯಾರ್ಥಿ ಸಂಘದ ಮೂಲಕ ಪ್ರಿನ್ಸಿಪಾಲರಿಗೆ ಒಂದು ಪತ್ರ ಕೊಟ್ಟರೆ ಸಾಕು. ಬಹಳ ಕಡೆ ಆ ಕುರ್ಚಿಗೆ ಯಾರೂ ಪೈಪೋಟಿ ಮಾಡುವುದಿಲ್ಲ. ಸದಸ್ಯರಾದ ಮೇಲೆ ಮೊದಲ ಸಭೆಯಲ್ಲೇ ಶುಲ್ಕದ ರಸೀದಿಯೊಂದನ್ನು ಮುಂದಿಟ್ಟುಕೊಂಡು ಕೂರಬೇಕು. ಟ್ಯೂಷನ್ ಶುಲ್ಕದ ಕೆಳಗೆ ಜಿಮ್ಖಾನಾ, ಮ್ಯಾಗಜೀನ್, ಗ್ರೂಪ್ ಇನ್ಶೂರೆನ್ಸ್, ವಿದ್ಯಾರ್ಥಿ ಕಲ್ಯಾಣ ನಿಧಿ ಎಂದು ಸಣ್ಣ ಸಣ್ಣ ಬಾಬುಗಳಿರುತ್ತವೆ. ಒಂದೊಂದೂ ಸಣ್ಣದೇ, ಆದರೆ ಮೂರು ಸಾವಿರ ಮಕ್ಕಳಿಂದ ಗುಣಿಸಿದಾಗ ಸಣ್ಣದಲ್ಲ. ಜಿಮ್ಖಾನಾ ಹೆಸರಿನಲ್ಲಿ ಬಂದದ್ದೆಷ್ಟು, ಆಟಕ್ಕೆ ಹೋದದ್ದೆಷ್ಟು? ಮ್ಯಾಗಜೀನ್ ಈ ವರ್ಷ ಅಚ್ಚಾಯಿತೇ? ಕಾಷನ್ ಮನಿ ಮತ್ತು ಲೈಬ್ರರಿ ಡಿಪಾಸಿಟ್ಟಂತೂ ಕಾಲೇಜು ಬಿಡುವಾಗ ಮರಳಿ ಕೊಡಬೇಕಾದ ಹಣ. ಮೂಲ ರಸೀದಿ ಕಳೆದುಕೊಂಡ ಮಕ್ಕಳು ಕೇಳುವುದೇ ಇಲ್ಲ, ಹಾಗೆ ಉಳಿದ ಮೊತ್ತ ಯಾವ ಖಾತೆಯಲ್ಲಿದೆ ಎಂದು ಕೇಳುವವರು ಸಿಡಿಸಿಯಲ್ಲಿ ಇರಬೇಕು.

ಇನ್ನು ವಿದ್ಯಾರ್ಥಿಗಳ ಎರಡು ಸ್ಥಾನ. 1994ರ ಕಾಯ್ದೆ ಬಂದ ಮೇಲೆ ಮಹಾರಾಷ್ಟ್ರದ ಕಾಲೇಜುಗಳಲ್ಲಿ ನೇರ ಚುನಾವಣೆ ನಿಂತು, ಅಂಕದ ಆಧಾರದ ನೇಮಕ ಬಂತು. 2016ರ ಕಾಯ್ದೆ ನೇರ ಮತದಾನವನ್ನು ಮತ್ತೆ ತಂದಿತು, 2018ರಲ್ಲಿ ನಿಯಮಗಳೂ ಆದವು. 2019ರಲ್ಲಿ ವೇಳಾಪಟ್ಟಿ ಗೊತ್ತಾದ ಮೇಲೆ ವಿಧಾನಸಭೆ ಚುನಾವಣೆಯ ಕಾರಣಕ್ಕೆ ಮುಂದೆ ಹೋಯಿತು, ಅಷ್ಟರಲ್ಲಿ ಕೋವಿಡ್ ಬಂತು. ಚುನಾವಣೆ ಬಂದರೆ ಗಲಾಟೆ ಬರುತ್ತದೆ ಎಂಬ ಪಾಲಕರ ಭಯ ಸುಳ್ಳಲ್ಲ, ಎಂಬತ್ತರ ದಶಕದ ಮುಂಬಯಿ ಅದನ್ನು ನೋಡಿದೆ. ಆದರೆ ಅದಕ್ಕೆ ಬೇಲಿಯೂ ಇದೆ. ಸುಪ್ರೀಂ ಕೋರ್ಟ್ 2006ರಲ್ಲಿ ಒಪ್ಪಿದ, ವಿದ್ಯಾರ್ಥಿ ಚುನಾವಣೆ ಕುರಿತ ಲಿಂಗ್ಡೋ ಸಮಿತಿಯ ಶಿಫಾರಸಿನಂತೆ ಅಭ್ಯರ್ಥಿಗೆ ಶೇ 75 ಹಾಜರಾತಿ ಬೇಕು, ಖರ್ಚಿನ ಮಿತಿ 5,000 ರೂಪಾಯಿ, ಅಚ್ಚು ಹಾಕಿಸಿದ ಪೋಸ್ಟರ್ ಇಲ್ಲ, ನಾಮಪತ್ರದಿಂದ ಫಲಿತಾಂಶದವರೆಗೆ 10 ದಿನದೊಳಗೆ ಮುಗಿಯಬೇಕು. ಇಷ್ಟು ಬಿಗಿ ಇಟ್ಟುಕೊಂಡು ಚುನಾವಣೆ ನಡೆಸುವುದು, ಕುರ್ಚಿ ಖಾಲಿ ಬಿಡುವುದಕ್ಕಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ. ಪ್ರಿನ್ಸಿಪಾಲರು ಕೈಹಿಡಿದು ಕೂರಿಸಿದ ಹುಡುಗ ಪ್ರಿನ್ಸಿಪಾಲರ ಎದುರು ಹಾಸ್ಟೆಲ್ ನೀರಿನ ಮಾತೆತ್ತುವುದಿಲ್ಲ.

ಕಾಲೇಜಿನಿಂದ ಮೇಲೆ ಹೋದರೆ ವಿಶ್ವವಿದ್ಯಾಲಯದ ಸೆನೆಟ್. ಕುಲಾಧಿಪತಿಗಳಾದ ರಾಜ್ಯಪಾಲರು ಅದರ ಅಧ್ಯಕ್ಷರು, ವರ್ಷಕ್ಕೆ ಕನಿಷ್ಠ ಎರಡು ಸಭೆ, ಬಜೆಟ್ ಅಲ್ಲಿಯೇ ಮಂಡನೆಯಾಗುತ್ತದೆ. ಅದರಲ್ಲಿ 10 ಸ್ಥಾನ ನೋಂದಾಯಿತ ಪದವೀಧರರವು (ಪದವಿ ಪಡೆದು ವಿಶ್ವವಿದ್ಯಾಲಯದ ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಂಡವರು): 5 ಸಾಮಾನ್ಯ, ಉಳಿದ 5 ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಲೆಮಾರಿ, ಹಿಂದುಳಿದ ವರ್ಗ ಮತ್ತು ಮಹಿಳೆಯರಿಗೆ ಒಂದೊಂದು. ಮುಂಬಯಿ ವಿಶ್ವವಿದ್ಯಾಲಯದ ವ್ಯಾಪ್ತಿ ನಗರದಿಂದ ಠಾಣೆ, ಪಾಲ್ಘರ್, ರಾಯಗಡ, ರತ್ನಾಗಿರಿ, ಸಿಂಧುದುರ್ಗದವರೆಗೆ. ಇಷ್ಟು ದೊಡ್ಡ ಪ್ರದೇಶದಲ್ಲಿ ಕಳೆದ ಚುನಾವಣೆಗೆ ಮತದಾರರು ಎಷ್ಟಿದ್ದರು ಗೊತ್ತೇ? 2023ರಲ್ಲಿ 90 ಸಾವಿರ ದಾಟಿದ್ದ ಪಟ್ಟಿಯ ಮೇಲೆ ಆಕ್ಷೇಪ ಬಂದು ಚುನಾವಣೆ ನಿಂತಿತು, ಪಟ್ಟಿಯನ್ನು ಹೊಸದಾಗಿ ಮಾಡಿದಾಗ ಅದು ಸುಮಾರು 13 ಸಾವಿರಕ್ಕೆ ಇಳಿಯಿತು. ಮತದಾನ ನಡೆದದ್ದು 2024ರ ಸೆಪ್ಟೆಂಬರ್ 24ರಂದು, ಅದೂ ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ. ಹಾಗಾಗಿ 'ನನ್ನ ಹೆಸರು ಹಿಂದೆ ಇತ್ತಲ್ಲ' ಎಂದು ನಂಬಿ ಕೂರುವಂತಿಲ್ಲ.

ಮುಂದಿನ ನೋಂದಣಿ ಪ್ರಕಟವಾದಾಗ ನಾಲ್ಕು ಕಾಗದ ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಂಡಿರಿ: ಪದವಿ ಪ್ರಮಾಣಪತ್ರ, ವಿಳಾಸದ ದಾಖಲೆ, ಫೋಟೊ, ಹೆಸರು ಬದಲಾಗಿದ್ದರೆ ಅದರ ಪುರಾವೆ. ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಈ ಕೊನೆಯದನ್ನು ಮರೆಯಬಾರದು. ಪದವಿಯಲ್ಲಿ ತವರಿನ ಸರ್‌ನೇಮ್, ಆಧಾರ್‌ನಲ್ಲಿ ಗಂಡನ ಮನೆಯದು, ನಡುವೆ ಮದುವೆ ನೋಂದಣಿ ಪತ್ರ ಇಲ್ಲದಿದ್ದರೆ ಎರಡೂ ಒಬ್ಬರೇ ಎಂದು ತೋರಿಸುವುದು ಹೇಗೆ? ಪದವಿಯ ಮೂಲಪ್ರತಿ ಊರಿನ ಮನೆಯ ಟ್ರಂಕಿನಲ್ಲಿದ್ದರೆ ಈ ರಜೆಯಲ್ಲೇ ತಂದುಕೊಳ್ಳಿ. ಶುಲ್ಕ ಕಟ್ಟಿದ ಮೇಲೆ ಅರ್ಜಿ ಸಂಖ್ಯೆ ಇರುವ ಪುಟವನ್ನು ಉಳಿಸಿಕೊಳ್ಳಿ, ಕರಡು ಪಟ್ಟಿ ಬಂದ ದಿನವೇ ಹೆಸರು ನೋಡಿ. ಆಕ್ಷೇಪಕ್ಕೆ ಕೊಡುವ ಅವಧಿ ಚಿಕ್ಕದಾಗಿರುತ್ತದೆ.

ಮತ ಹಾಕುವ ಕ್ರಮ ವಿಧಾನಸಭೆಯದಲ್ಲ. ಇದು ಪ್ರಾಶಸ್ತ್ಯದ ಮತ. ಹೆಸರಿನ ಮುಂದೆ 1, 2, 3 ಎಂದು ಅಂಕಿ ಬರೆಯಬೇಕು, ಟಿಕ್ ಹಾಕಿದರೆ ಮತ ಹೋಯಿತು. 1 ಎಂಬ ಅಂಕಿಯನ್ನು ಇಬ್ಬರ ಮುಂದೆ ಬರೆದರೂ ಹೋಯಿತು. ಸಾಮಾನ್ಯ 5 ಸ್ಥಾನಕ್ಕೆ ಗೆಲುವಿನ ಕೋಟಾ ಎಂದರೆ ಸಿಂಧುವಾದ ಮತಗಳನ್ನು 6ರಿಂದ ಭಾಗಿಸಿ ಒಂದು ಕೂಡಿಸುವುದು. 6,000 ಮತ ಸಿಂಧುವಾಗಿದ್ದರೆ 1,001 ಸಾಕು, ಕೋಟಾ ದಾಟಿದವರ ಹೆಚ್ಚುವರಿ ಮತ ಎರಡನೇ ಪ್ರಾಶಸ್ತ್ಯದವರಿಗೆ ಹರಿಯುತ್ತದೆ. ಡೊಂಬಿವಲಿ, ಮೀರಾ ರೋಡ್, ನಾಲಾಸೊಪಾರಗಳ ಕನ್ನಡ ಪದವೀಧರರು ನೋಂದಾಯಿಸಿಕೊಂಡರೆ ಈ ಲೆಕ್ಕದಲ್ಲಿ ಅವರ ಮಾತಿಗೆ ತೂಕ ಬಂದೀತು. ಇದನ್ನು ಕನ್ನಡಿಗರ ವೋಟ್ ಬ್ಯಾಂಕ್ ಮಾಡಿ ಯಾವುದಾದರೂ ಪಕ್ಷದ ಬಾಗಿಲಿಗೆ ಒಯ್ಯಿರಿ ಎಂದು ನಾವು ಹೇಳುತ್ತಿಲ್ಲ, ಹಾಗೆ ಒಯ್ಯುವವರಿಗೆ ಕೊರತೆಯೂ ಇಲ್ಲ. ಕಲೀನಾದ ರಾನಡೆ ಭವನದಲ್ಲಿ 1978ರಿಂದ ನಡೆದುಕೊಂಡು ಬಂದಿರುವ ಕನ್ನಡ ವಿಭಾಗಕ್ಕೆ ಅಧ್ಯಾಪಕ ಹುದ್ದೆ, ಪುಸ್ತಕದ ಹಣ ಎಷ್ಟು ಎಂದು ಬಜೆಟ್ ಸಭೆಯಲ್ಲಿ ಕೇಳುವ ಒಬ್ಬ ಸದಸ್ಯ ಬೇಕಲ್ಲವೇ?

ಸೆನೆಟ್ ಇದ್ದರೆ ಎಲ್ಲ ಸರಿಯಾಗುತ್ತದೆ ಎಂಬ ಭ್ರಮೆ ನಮಗಿಲ್ಲ. ಆದರೆ ಇಲ್ಲದಿದ್ದಾಗ ಏನಾಗಬಹುದು ಎಂಬುದಕ್ಕೆ 2017 ಸಾಕ್ಷಿ. ಉತ್ತರ ಪತ್ರಿಕೆಗಳನ್ನು ಕಂಪ್ಯೂಟರ್ ಪರದೆಯ ಮೇಲೆ ತಿದ್ದುವ ವ್ಯವಸ್ಥೆಯನ್ನು ಆ ಬೇಸಿಗೆಯ ಪರೀಕ್ಷೆಗಳಿಗೆ ಒಮ್ಮೆಗೇ ತಂದರು. ಫಲಿತಾಂಶ ತಿಂಗಳುಗಟ್ಟಲೆ ತಡವಾಯಿತು, ಅಕ್ಟೋಬರಿನಲ್ಲಿ ರಾಜ್ಯಪಾಲರು ಉಪಕುಲಪತಿಯನ್ನೇ ವಜಾ ಮಾಡಿದರು. ಹೊಸ ಕಾಯ್ದೆಯ ಸೆನೆಟ್ ಆಗಿನ್ನೂ ರಚನೆಯಾಗಿರಲಿಲ್ಲ. ಫಲಿತಾಂಶ 30 ದಿನದಲ್ಲಿ, ತಡವಾದರೂ 45 ದಿನದಲ್ಲಿ ಬರಬೇಕೆಂದು ಅದೇ ಕಾಯ್ದೆಯಲ್ಲಿದೆ.

ಇವೆಲ್ಲ ದೂರದ ಮಾತಾಯಿತು, ಈಗಿನ ತೊಂದರೆಗೆ ದಾರಿ ಯಾವುದು ಎನ್ನುವವರಿಗೆ ಎರಡು ಮಾತು. ಮೊದಲು ಬಾಗಿಲು ಸರಿಯಾಗಿರಲಿ. ಸಂಲಗ್ನ ಕಾಲೇಜಿನಲ್ಲಿ ಬಿಎ, ಬಿಕಾಂ, ಬಿಎಸ್‌ಸಿಯ ಮೊದಲ ನಾಲ್ಕು ಸೆಮಿಸ್ಟರಿನ ಪರೀಕ್ಷೆ ನಡೆಸುವುದು ಕಾಲೇಜೇ, ಆ ಅಂಕದ ತಕರಾರಿಗೆ ಕಲೀನಾದ ಪರೀಕ್ಷಾ ಭವನದವರೆಗೆ ಲೋಕಲ್ ಹತ್ತಿ ಹೋದರೆ ವಾಪಸು ಕಳಿಸುತ್ತಾರೆ. ಸ್ವಾಯತ್ತ ಕಾಲೇಜಾದರೆ ಎಲ್ಲ ಸೆಮಿಸ್ಟರಿಗೂ ಅಲ್ಲಿಯ ಪರೀಕ್ಷಾ ನಿಯಂತ್ರಕರೇ. ಎರಡನೆಯದು, ದೂರು ಬರಹದಲ್ಲಿರಲಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2023ರ ನಿಯಮದಂತೆ ಕಾಲೇಜಿನಲ್ಲಿ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು, ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಲೋಕಪಾಲರಿಗೆ ಮೇಲ್ಮನವಿ, ಅವರಿಗೆ 30 ದಿನದ ಅವಧಿ. ಮೌಖಿಕವಾಗಿ ಹೇಳಿ ಬಂದರೆ ಈ ದಿನಗಳ ಎಣಿಕೆ ಶುರುವೇ ಆಗುವುದಿಲ್ಲ. ಆದ್ದರಿಂದ ಅರ್ಜಿಯ ಎರಡನೇ ಪ್ರತಿಯ ಮೇಲೆ ಪತ್ರ ಸ್ವೀಕರಿಸುವ ಆವಕ ವಿಭಾಗದ ಮೊಹರು, ತಾರೀಕು ಹಾಕಿಸಿಕೊಂಡೇ ಕೌಂಟರ್ ಬಿಡಬೇಕು. ರ‍್ಯಾಗಿಂಗ್ ಆದರೆ ಇಷ್ಟೆಲ್ಲ ಕಾಯಬೇಕಿಲ್ಲ, 1800-180-5522ಕ್ಕೆ ಕರೆ ಮಾಡಬಹುದು. ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿಯೇ ಬೇರೆ, ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು.

ಸಿಡಿಸಿಯ ಮಿನಿಟ್ಸ್ ಕಾಲೇಜಿನ ವೆಬ್‌ಸೈಟಿನಲ್ಲಿ ಇಲ್ಲವೇ? ಐಕ್ಯೂಎಸಿ ಪುಟದಲ್ಲಿ ವಾರ್ಷಿಕ ಗುಣಮಟ್ಟ ವರದಿ ಇರುತ್ತದೆ, ಮೊದಲು ಅದನ್ನು ಓದಿ. ಅನುದಾನಿತ ಕಾಲೇಜಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಸಾಕು. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ. ನಮ್ಮವರ ಅರ್ಜಿಗಳು ಸೋಲುವುದು ಇಲ್ಲಿಯೇ. ಸಿಟ್ಟನ್ನೆಲ್ಲ ಸೇರಿಸಿ ಮೂರು ಪುಟ ಬರೆಯುತ್ತಾರೆ. 'ಕಳೆದ ಶೈಕ್ಷಣಿಕ ವರ್ಷದ ಸಿಡಿಸಿ ಸಭೆಗಳ ಸೂಚನಾಪತ್ರ, ಹಾಜರಿ ಪಟ್ಟಿ ಮತ್ತು ನಡಾವಳಿಯ ಪ್ರತಿಗಳನ್ನು ಕೊಡಿ' ಎಂಬ ಒಂದು ವಾಕ್ಯ ಬರೆದು ಸಹಿ ಹಾಕಿದರೆ 30 ದಿನದಲ್ಲಿ ಉತ್ತರ ಬರಲೇಬೇಕು.

ತಮ್ಮ ಪತ್ರಿಕೆಗೂ ಒಂದು ವಿನಂತಿ. ಪ್ರತಿಭಾ ಪುರಸ್ಕಾರ, ಶಾಲು-ಹಾರದ ಚಿತ್ರಗಳಿಗೆ ಪುಟಗಟ್ಟಲೆ ಜಾಗ ಸಿಗುತ್ತಿದೆ, ಸಿಗಲಿ. ಮಾರ್ಚ್‌ನಲ್ಲಿ ಸೆನೆಟ್‌ನ ಬಜೆಟ್ ಸಭೆ ನಡೆದಾಗ ಒಬ್ಬ ವರದಿಗಾರರನ್ನು ಕಳುಹಿಸಿ, ಯಾರು ಏನು ಕೇಳಿದರು, ಏನು ಉತ್ತರ ಬಂತು ಎಂಬುದನ್ನು ಅರ್ಧ ಪುಟದಲ್ಲಾದರೂ ಕನ್ನಡದಲ್ಲಿ ಕೊಡಿ. ಪದವೀಧರರ ನೋಂದಣಿ ಶುರುವಾದ ದಿನ ಅದರ ಕೊನೆಯ ತಾರೀಕನ್ನು ಮೊದಲ ಪುಟದಲ್ಲೇ ಹಾಕಿ.

– ಮುಂಬಯಿಯ ಕಾಲೇಜುಗಳ ಕೆಲವು ನಿವೃತ್ತ ಅಧ್ಯಾಪಕರು, ಡೊಂಬಿವಲಿ