ಅವ್ವ ಗುಣ ಆದಳು, ಎಲ್ಲರಿಗೂ ಶರಣು

ಈ ಸಲ ಪಂಚಮಿಗೆ ಅವ್ವ ತಾನೇ ಕೂತು ಶೇಂಗಾ ಉಂಡಿ ಕಟ್ಟಿದಳು. ಯುಗಾದಿ ಹೊತ್ತಿಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಳು. ಆಗ ಫೋನ್ ಮಾಡಿದವರಿಗೆಲ್ಲ "ಹೊಟ್ಟೆ ತ್ರಾಸು" ಅಂತ ಅಷ್ಟೇ ಹೇಳಿ ಇಟ್ಟುಬಿಡುತ್ತಿದ್ದೆವು. ಈಗ ಪೂರ್ತಿ ಹೇಳಿ, ಕೈಹಿಡಿದವರಿಗೆಲ್ಲ ಶರಣು ಅನ್ನಬೇಕಾಗಿದೆ. ಅವ್ವನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿಯವಾ, ನಂಗೇನ್ ನಾಚಿಕಿ? ಹೊಟ್ಟಿ ಇದ್ದವರಿಗೆಲ್ಲಾ ಇದು ಇದ್ದದ್ದ" ಅಂದಳು.

ಅವಳಿಗೆ ಆಗಿದ್ದು ಮಲಬದ್ಧತೆ. ಅದಕ್ಕೂ ಆಸ್ಪತ್ರೆ ಸೇರುತ್ತಾರಾ ಅಂತ ಅನ್ನಿಸಬಹುದು. ಸೇರಬೇಕಾಗುತ್ತದೆ. ವಾರಕ್ಕೆ 3 ಸಲಕ್ಕಿಂತ ಕಡಿಮೆ ಹೋಗುವುದು, ಹೋದರೂ ತಿಣುಕುವುದು, ಗಟ್ಟಿ ಉಂಡೆಯಾಗಿ ಬರುವುದು, ಇನ್ನೂ ಒಳಗೇ ಉಳಿದಿದೆ ಅನ್ನಿಸುವುದು, ಇವು ತಿಂಗಳುಗಟ್ಟಲೆ ನಡೆದರೆ ಡಾಕ್ಟರುಗಳು ಅದನ್ನು ದೀರ್ಘಕಾಲದ ಮಲಬದ್ಧತೆ ಅನ್ನುತ್ತಾರೆ. ಅವ್ವನಿಗೆ ಅದು ವರ್ಷಗಳಿಂದ ಇತ್ತು. ಬೆಟಗೇರಿಯ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುತ್ತ ಇಡೀ ದಿನ ಕೂತೇ ಇರುವ ಜೀವ. ಸಂಡಾಸು ಹಿತ್ತಲಲ್ಲಿ. ಮಂಡಿ ನೋವಿನಿಂದ ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ರಾತ್ರಿ ಏಳಬೇಕಾಗುತ್ತದೆ ಅಂತ ಸಂಜೆಯಿಂದಲೇ ನೀರು ಬಿಡುತ್ತಿದ್ದಳು. ಅದರ ಮೇಲೆ ಗುಳಿಗೆಗಳು. ನೋವಿಗೆ ಟ್ರಾಮಡಾಲ್, ರಕ್ತ ಕಡಿಮೆ ಅಂತ ಕಬ್ಬಿಣದ ಗುಳಿಗೆ, ಮೂಳೆಗೆ ಕ್ಯಾಲ್ಸಿಯಂ. ಎಲ್ಲವೂ ಬೇಕಾದವೇ, ಆದರೆ ಮೂರೂ ಹೊಟ್ಟೆ ಕಟ್ಟಿಸಬಲ್ಲವು.

ಆಮೇಲೆ ಒಂದು ದಿನ ನೀರು ನೀರಾಗಿ ಹೋಗತೊಡಗಿತು. ಸೀರೆಯಲ್ಲೇ. ಭೇದಿ ಅಂತ ಎಲ್ಲರೂ ಅಂದುಕೊಂಡರು. ತೋರಿಸಿದ ಕಡೆಯೂ ಭೇದಿ ನಿಲ್ಲುವ ಗುಳಿಗೆಯನ್ನೇ ಕೊಟ್ಟರು. ಹೊಟ್ಟೆ ಉಬ್ಬಿತು, ಊಟ ನಿಂತಿತು, ಒಂದಕ್ಕೂ ಹೋಗಲಾಗಲಿಲ್ಲ. ರಾತ್ರಿ ತೀರಿಹೋದ ದೊಡ್ಡವ್ವನನ್ನು ಕರೆದು ಮಾತಾಡತೊಡಗಿದಳು. ಅರುಳು ಮರುಳು ಶುರುವಾಯಿತು ಅಂತಲೇ ಅಣ್ಣ ಗಾಬರಿಯಾದ.

ಮೊದಲ ಶರಣು ನಮ್ಮ ಓಣಿಯ ಔಷಧ ಅಂಗಡಿಯ ಅಣ್ಣನಿಗೆ. ಇನ್ನೊಂದು ಪಟ್ಟಿ ಗುಳಿಗೆ ಕೇಳಲು ಹೋದರೆ ಆತ ಕೊಡಲಿಲ್ಲ. "ಹೊಟ್ಟಿ ಉಬ್ಬೇತಿ ಅಂತೀರಿ, ಭೇದಿ ಅಂತೀರಿ. ಮೊದ್ಲ ಹೊಟ್ಟಿ ಮುಟ್ಟಿ ನೋಡೋರ ಹಂತೇಕ ಒಯ್ರಿ" ಅಂದ. ಒಂದು ಪಟ್ಟಿಯ ವ್ಯಾಪಾರ ಬಿಟ್ಟ, ನಮ್ಮ ಅವ್ವನನ್ನು ಉಳಿಸಿದ. ರಾತ್ರೋರಾತ್ರಿ ಗಾಡಿ ತೆಗೆದ ಸೋದರಮಾವನಿಗೂ ಶರಣು. ಅಣ್ಣಿಗೇರಿ ದಾಟುವವರೆಗೆ ಅವ್ವ ನರಳುತ್ತಿದ್ದಳು, ಆಮೇಲೆ ಸುಮ್ಮನಾದಳು. ಆ ಸುಮ್ಮನಾಗಿದ್ದೇ ನಮಗೆ ಜಾಸ್ತಿ ಹೆದರಿಕೆ ಹುಟ್ಟಿಸಿತು.

ಹುಬ್ಬಳ್ಳಿಯಲ್ಲಿ ರಾತ್ರಿ ಪಾಳಿಯಲ್ಲಿದ್ದವರು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಸ್ಕ್ಯಾನ್ ಬರೆಯುವ ಮೊದಲೇ ಗ್ಲೌಸ್ ಹಾಕಿಕೊಂಡು, ಅವ್ವನಿಗೆ ಹೇಳಿ, ಬೆರಳಿಟ್ಟು ಗುದನಾಳ ಪರೀಕ್ಷೆ ಮಾಡಿದರು. ಒಂದೇ ನಿಮಿಷದ ಕೆಲಸ. ಎಲ್ಲ ಗೊತ್ತಾಗಿದ್ದು ಅದರಿಂದಲೇ. ಮಲ ಕಲ್ಲಿನಂತೆ ಗಟ್ಟಿಯಾಗಿ ಗುದನಾಳದಲ್ಲಿ ಸಿಕ್ಕಿಕೊಂಡಿತ್ತು. "ಕಾಲುವ್ಯಾಗ ಬಂಡಿಗಲ್ಲು ಬಿದ್ರ ನೀರು ಬಾಜೂಲಿಂದ ಹರಿತದಲ್ಲ, ಹಂಗ. ನೀವು ಕಂಡದ್ದು ಭೇದಿ ಅಲ್ರಿ" ಅಂದರು. ಆ ಗಡ್ಡೆಯೇ ಮೂತ್ರದ ದಾರಿಯನ್ನೂ ಒತ್ತಿ ಹಿಡಿದಿತ್ತು. ನಳಿಗೆ ಹಾಕಿ ಮೂತ್ರ ತೆಗೆದರು. ವಯಸ್ಸಾದವರಿಗೆ ಮಲ ಮೂತ್ರ ಹೀಗೆ ಕಟ್ಟಿದರೆ ತಲೆಯೂ ಗೊಂದಲಕ್ಕೆ ಬೀಳುತ್ತದಂತೆ. ಎರಡೂ ಸರಿಯಾದ ಮೇಲೆ ದೊಡ್ಡವ್ವನನ್ನು ಕರೆಯುವುದು ತಾನಾಗಿ ನಿಂತಿತು.

ಇನ್ನು ಆ ವಾರ್ಡಿನ ಸಿಸ್ಟರ್. ಎನಿಮಾ ಒಂದೇ ಸಾಲಲಿಲ್ಲ, ಕೈಯಿಂದಲೇ ತೆಗೆಯಬೇಕಾಯಿತು. ಆಕೆ ಪರದೆ ಎಳೆದು, ಅವ್ವನನ್ನು ಎಡಮಗ್ಗುಲಿಗೆ ಹೊರಳಿಸಿ, ಮೊಣಕಾಲು ಮಡಚಿಸಿ, ಸೊಂಟದವರೆಗೆ ಚಾದರ ಹೊದಿಸಿದರು. ನೋವು ಗೊತ್ತಾಗದ ಹಾಗೆ ಜೆಲ್ಲಿ ಹಚ್ಚಿದರು. ಚೂರು ಚೂರೇ ತೆಗೆಯುತ್ತ, ಮಧ್ಯೆ ಮಧ್ಯೆ ನಿಲ್ಲಿಸಿ ನಾಡಿ ನೋಡುತ್ತ, "ಅಜ್ಜೀ, ಸೀರಿ ಅಂಚಿಗೆ ಎಷ್ಟ್ ಎಳಿ ಹಾಕ್ತೀರಿ?" ಅಂತ ಕೇಳುತ್ತಿದ್ದರು. ಆಕೆ ಬೇಕಂತಲೇ ತಪ್ಪು ತಪ್ಪು ಲೆಕ್ಕ ಹೇಳುವುದು, ಅವ್ವ ಆ ನೋವಿನಲ್ಲೂ "ಏ, ಹಂಗಲ್ಲವಾ" ಅಂತ ಬೈದು ತಿದ್ದುವುದು. ಮುಖದಲ್ಲಿ ಒಂದಿಷ್ಟೂ ಅಸಹ್ಯ ಇರಲಿಲ್ಲ. ಮುಗಿದ ಮೇಲೆ ಬಿಸಿನೀರಲ್ಲಿ ಒರೆಸಿ, ಪೌಡರ್ ಹಾಕಿ, ಸೀರೆಯ ನೆರಿಗೆಯನ್ನೂ ಸರಿ ಮಾಡಿದರು. ಹೆತ್ತ ಮಗಳಾದ ನಾನು ಮೂಗಿಗೆ ಸೆರಗು ಹಿಡಿದು ನಿಂತಿದ್ದೆ. ಸಿಸ್ಟರ್, ನಿಮ್ಮ ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಬೆಟಗೇರಿಯಿಂದ ಒಂದು ಸೀರೆ ಬರುತ್ತದೆ, ಅದಕ್ಕೆ ಮಾತ್ರ ಬೇಡ ಅನ್ನಬೇಡಿ.

ಬಿಡುಗಡೆಯ ದಿನ ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಇದು ನಮ್ಮ ಮನೆಯೊಂದರ ಕಥೆ ಅಲ್ಲ. ಮಲ ನಿಂತರೆ ವಿಷ ರಕ್ತಕ್ಕೆ ಏರುತ್ತದೆ ಅಂತ ನಮ್ಮ ಬೀಗರೊಬ್ಬರು ಹೆದರಿಸಿದ್ದರು. ಹಾಗೇನಿಲ್ಲವಂತೆ. ತೊಂದರೆ ಇರುವುದು ಒತ್ತಡದಲ್ಲಿ. ವರ್ಷಗಟ್ಟಲೆ ತಿಣುಕಿದರೆ ಗುದದ ರಕ್ತನಾಳಗಳು ಊದಿ ಮೂಲವ್ಯಾಧಿ ಆಗುತ್ತದೆ. ಗಟ್ಟಿ ಮಲ ಚರ್ಮ ಸೀಳಿ ಬಿರುಕು ಬಿಡಿಸುತ್ತದೆ. ಆ ಉರಿಗೆ ಹೆದರಿ ತಡೆದುಕೊಂಡರೆ ಇನ್ನೂ ಗಟ್ಟಿ. ಕೆಲವರಿಗೆ ಗುದನಾಳವೇ ಜಾರಿ ಹೊರಗೆ ಬರುತ್ತದೆ. ಬಹಳ ದಿನ ಹಿಗ್ಗಿದ ಕರುಳಿಗೆ ತುಂಬಿದ್ದೇ ಗೊತ್ತಾಗುವುದಿಲ್ಲ, ಹಾಗಾಗಿ ಅವಸರವೇ ಆಗುವುದಿಲ್ಲ. ಅವ್ವನಿಗೆ ಆಗಿದ್ದು ಅದೇ. ಅಪರೂಪಕ್ಕೆ ಗಡ್ಡೆ ಒತ್ತಿದ ಜಾಗದಲ್ಲಿ ಹುಣ್ಣಾಗಿ ಕರುಳು ತೂತಾಗುವುದೂ ಉಂಟು, ಆಗ ಜೀವಕ್ಕೇ ಅಪಾಯ.

ಇದರಿಂದ ಕ್ಯಾನ್ಸರ್ ಬರುತ್ತದಾ ಅಂತ ಅಣ್ಣ ಕೇಳಿದ. ಮಲಬದ್ಧತೆಯೇ ಕ್ಯಾನ್ಸರ್ ತರುತ್ತದೆ ಅನ್ನಲು ಪುರಾವೆ ಇಲ್ಲ ಅಂದರು. ಆದರೆ ವಯಸ್ಸು 50ರ ಆಸುಪಾಸು ದಾಟಿದವರಿಗೆ ಹೊಸದಾಗಿ ಹೊಟ್ಟೆ ಕಟ್ಟಿದರೆ, ಮಲದಲ್ಲಿ ರಕ್ತ ಕಂಡರೆ, ಸುಮ್ಸುಮ್ನೆ ತೂಕ ಇಳಿದರೆ, ರಕ್ತ ಕಡಿಮೆಯಾದರೆ ಪರೀಕ್ಷೆ ಮಾಡಿಸಲೇಬೇಕು. ಅವ್ವನಿಗೂ ಕ್ಯಾಮೆರಾ ಹಾಕಿ ನೋಡಿದರು, ಥೈರಾಯಿಡ್ ನೋಡಿದರು. ದೇವರ ದಯೆ, ಏನೂ ಇಲ್ಲ.

ನೋವಿನ ಗುಳಿಗೆ ಬದಲಿಸಿದರು, ಕಬ್ಬಿಣದ್ದನ್ನು ದಿನ ಬಿಟ್ಟು ದಿನ ಮಾಡಿದರು. ದಿನಾ ನೀರಿಗೆ ಕಲಸಿ ಕುಡಿಯುವ ಪುಡಿ ಕೊಟ್ಟರು, ಮಲದಲ್ಲಿ ನೀರು ಹಿಡಿದಿಟ್ಟು ಮೆತ್ತಗೆ ಮಾಡುತ್ತದಂತೆ. ನೆಂಟರು ಪ್ರೀತಿಯಿಂದ ತಂದ ಇಸಬಗೋಲ್ ಡಬ್ಬಿಗಳು ಕಪಾಟಿನಲ್ಲಿವೆ. ಬೇಜಾರಾಗಬೇಡಿ. ಗಡ್ಡೆ ಕಟ್ಟಿದಾಗ ಅದನ್ನು ಕೊಡಬಾರದಂತೆ, ನೀರು ಕಡಿಮೆ ಕುಡಿಯುವವರಿಗೆ ಅದೇ ಒಳಗೆ ಉಬ್ಬಿ ಕಟ್ಟುತ್ತದಂತೆ. ಈಗ ಜೋಳದ ರೊಟ್ಟಿ, ಹೆಸರುಕಾಳು, ಹತ್ತರಕಿ ಪಲ್ಯ, ಜೊತೆಗೆ ತಂಬಿಗೆ ನೀರು. ಬೆಳಿಗ್ಗೆ ನಾಷ್ಟಾ ಮುಗಿದ ಕೂಡಲೇ ಅವಸರ ಬರಲಿ ಬಿಡಲಿ ಹೋಗಿ ಕೂರುತ್ತಾಳೆ. ಹೊಟ್ಟೆಗೆ ಬಿದ್ದ ಕೂಡಲೇ ದೊಡ್ಡ ಕರುಳು ತಾನಾಗಿ ಚುರುಕಾಗುವ ಹೊತ್ತು ಅದು. ಕಾಲಿನ ಕೆಳಗೆ ಗಿಡ್ಡ ಮಣೆ ಇಟ್ಟುಕೊಂಡರೆ ಮೊಣಕಾಲು ಮೇಲೆದ್ದು ದಾರಿ ನೆಟ್ಟಗಾಗುತ್ತದೆ. ಆ ಮಣೆ ಮಾಡಿಕೊಟ್ಟ ಪಕ್ಕದ ಮನೆಯ ಬಡಿಗೇರ ಕಾಕಾನಿಗೆ ಶರಣು. ದುಡ್ಡು ತೆಗೆದುಕೊಳ್ಳಲಿಲ್ಲ.

ನನ್ನ ವೈನಿಗೆ ಏನು ಹೇಳಲಿ? ಅತ್ತೆಯ ಸೀರೆ ಒಗೆಯುತ್ತಿದ್ದವಳು ಅವಳು. ನಲ್ಲಿಗೆ ನೀರು ಬರದ ದಿನಗಳಲ್ಲೂ ಬ್ಯಾರೆಲ್ಲಿನ ತಳದ ನೀರಲ್ಲಿ ಒಗೆದಳು, ಓಣಿಯಲ್ಲಿ ಒಬ್ಬರಿಗೂ ಹೇಳಲಿಲ್ಲ. ಡಾಕ್ಟರಮ್ಮ "ಕೊನೆಗೆ ಸರಿಯಾಗಿ ಹೋಗಿದ್ದು ಯಾವಾಗ?" ಅಂತ ಕೇಳಿದಾಗ ಅಣ್ಣ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ವೈನಿ ಮಾತ್ರ ತಡವರಿಸದೆ ಉತ್ತರ ಕೊಟ್ಟಳು. ಹೆತ್ತ ಮಕ್ಕಳಿಗಿಂತ ಸೊಸೆಗೆ ಗೊತ್ತಿತ್ತು. ವೈನಿ, ಇದನ್ನು ಎಲ್ಲರೆದುರು ಹೇಳಬೇಕಿತ್ತು, ಹೇಳಿದ್ದೇನೆ.

ಅಣ್ಣ ಈಗ ಒಳಗಡೆಯೇ ಕಮೋಡ್ ಕೂರಿಸಿ, ಗೋಡೆಗೆ ಹಿಡಿಕೆ ಹಾಕಿಸಿದ್ದಾನೆ. ಹಾಗಾಗಿ ಆಸ್ಪತ್ರೆಯಿಂದ ಬಂದ ಮೇಲೆ ಕೊಂಡಿದ್ದ ಮಡಚುವ ಕಮೋಡ್ ಕುರ್ಚಿ ಖಾಲಿ ಇದೆ. ಗದಗ, ಬೆಟಗೇರಿ ಕಡೆ ಯಾರ ಮನೆಯಲ್ಲಾದರೂ ವಯಸ್ಸಾದವರಿಗೆ ಬೇಕಿದ್ದರೆ ತಿಳಿಸಿ. ತೊಳೆದು ಬಿಸಿಲಿಗೆ ಒಣಗಿಸಿ ಇಟ್ಟಿದ್ದೇವೆ. ಬಾಡಿಗೆ ಏನಿಲ್ಲ, ಬಂದು ಒಯ್ದರಾಯಿತು.