ಜಾನ್ ಹೆಡ್‌ನ ಲೆಕ್ಕದ ಪುಸ್ತಕ: ಈ ವಾರ ಓದಿ ಬನ್ನಿ

ಎಲ್ಲರಿಗೂ ನಮಸ್ಕಾರ. ಭಾನುವಾರದ ಹರಟೆಗೆ ವಿಷಯ ಸಿಕ್ಕಿದೆ. ಈ ಸಲ ಬರೀ ಕುರ್ಚಿ, ಮೇಜುಗಳ ಫೋಟೊ ಬೇಡ. ಒಂದು ಹಳೇ ಲೆಕ್ಕದ ಪುಸ್ತಕದ ಬಗ್ಗೆ ಮಾತಾಡೋಣ.

ಜಾನ್ ಹೆಡ್ ಇಂಗ್ಲೆಂಡಿನ ಸಫೊಕ್ ಕಡೆಯವನು. 1717ರಲ್ಲಿ ಅಮೆರಿಕದ ಫಿಲಡೆಲ್ಫಿಯಾಕ್ಕೆ ಬಂದು ಬಡಗಿ ಅಂಗಡಿ ಹಾಕಿದ. 1718ರಿಂದ 1753ರವರೆಗಿನ ಅವನ ಲೆಕ್ಕ ಉಳಿದುಕೊಂಡಿದೆ. ಅಷ್ಟು ಹಿಂದಿನ ಬಡಗಿಯೊಬ್ಬನ ಇಷ್ಟು ಪೂರ್ತಿ ಲೆಕ್ಕ ಸಿಗೋದು ತೀರಾ ಅಪರೂಪ. ಮನೆತನದವರು ತಲೆತಲಾಂತರ ಕಾಪಾಡಿಕೊಂಡು ಬಂದಿದ್ದರಿಂದಲೇ ಅದು ಉಳಿಯಿತು. ಈಗ ಫಿಲಡೆಲ್ಫಿಯಾದ ಅಮೆರಿಕನ್ ಫಿಲಸಾಫಿಕಲ್ ಸೊಸೈಟಿ ಎಂಬ ವಿದ್ವಾಂಸರ ಸಂಸ್ಥೆಯಲ್ಲಿದೆ.

ನನಗೆ ಜಾಸ್ತಿ ಇಷ್ಟವಾದದ್ದು ಕೊಡು-ಕೊಳ್ಳುವ ರೀತಿ. ಆಗ ಕೈಯಲ್ಲಿ ನಾಣ್ಯ ಕಮ್ಮಿ. ಪುಸ್ತಕದಲ್ಲಿ ಒಂದು ಕಡೆ ಇವನು ಮಾಡಿಕೊಟ್ಟ ಪೆಟ್ಟಿಗೆ, ಮಂಚ, ತೊಟ್ಟಿಲು, ಶವಪೆಟ್ಟಿಗೆ. ಎದುರಿಗೆ ಗಿರಾಕಿ ಕೊಟ್ಟ ಸಾಮಾನು, ಇಲ್ಲವೇ ಮಾಡಿಕೊಟ್ಟ ಕೆಲಸ. ನಮ್ಮ ಹಳ್ಳಿ ಬಡಗಿಗೆ ಆಯ ಕೊಡುತ್ತಿದ್ದದ್ದು ನೆನಪಾಗುತ್ತದೆ ಅಲ್ವಾ? ಆದರೆ ಅದು ಸುಗ್ಗಿಗೊಮ್ಮೆ ಅಳೆಯುವ ಕಾಳು, ಇಲ್ಲಿ ಪ್ರತಿಯೊಂದಕ್ಕೂ ಬೆಲೆ ಕಟ್ಟಿ ಬರೆದ ಲೆಕ್ಕ.

ಪೀಟರ್ ಸ್ಟ್ರೆಚ್ ಎಂಬ ಗಡಿಯಾರ ಮಾಡುವವನಿಗೆ ಗಡಿಯಾರದ ಮರದ ಕವಚಗಳನ್ನು ಹೆಡ್ ಮಾಡಿಕೊಡುತ್ತಿದ್ದ. 1726ರಲ್ಲಿ ಕ್ಯಾಸ್ಪರ್ ವಿಸ್ಟರ್ ದಂಪತಿಗೆ ಮಾಡಿಕೊಟ್ಟ ಎತ್ತರದ ಡ್ರಾಯರ್ ಪೆಟ್ಟಿಗೆ ಈಗಲೂ ಇದೆ. ಪುಸ್ತಕದ ಸಾಲನ್ನೂ ಮರವನ್ನೂ ಜೋಡಿಸಿ ನೋಡಿದ್ದರಿಂದಲೇ ಅದು ಹೆಡ್‌ನ ಕೈಕೆಲಸ ಅಂತ ಗೊತ್ತಾದದ್ದು.

ನಿಮ್ಮ ಮನೆಯಲ್ಲಿ ಅಜ್ಜನ ಲೆಕ್ಕದ ಪುಸ್ತಕ ಇದ್ದರೆ ಎರಡು ಪುಟದ ಫೋಟೊ ಹಾಕಿ. ಹೆಸರು, ವಿಳಾಸ ಮುಚ್ಚಿ ಹಾಕಿ. ಸುಮ್ನೆ ಗುಡ್ ಮಾರ್ನಿಂಗ್ ಚಿತ್ರ ಬೇಡ, ದಯವಿಟ್ಟು.