ಗಾಯಗೊಂಡ ಹಕ್ಕಿಯ ಬಾಯಿಗೆ ನೀರು ಸುರಿಯಬೇಡಿ

ಮಾನ್ಯ ಸಂಪಾದಕರೇ,

ಗಾಯಗೊಂಡ ಗೂಬೆಯ ಕೊಕ್ಕಿಗೆ ಬಾಟಲಿಯಿಂದ ನೀರು ಹನಿಸುತ್ತಿರುವ ಯುವಕನ ಚಿತ್ರವನ್ನು ಮೆಚ್ಚುಗೆಯ ಮಾತುಗಳೊಂದಿಗೆ ಪ್ರಕಟಿಸಿದ್ದೀರಿ. ಆ ಹುಡುಗನ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೆ ಪಶುವೈದ್ಯೆಯಾಗಿ ಹೇಳಲೇಬೇಕು, ಹಾಗೆ ಮಾಡಬಾರದು. ಹಕ್ಕಿಯ ಶ್ವಾಸನಾಳದ ಬಾಯಿ ಇರುವುದು ನಾಲಿಗೆಯ ಬುಡದಲ್ಲೇ. ನಾವು ಸುರಿದ ನೀರು ನೇರವಾಗಿ ಶ್ವಾಸಕೋಶಕ್ಕೆ ಇಳಿಯಬಹುದು. ರೆಕ್ಕೆ ಮುರಿದ ಹಕ್ಕಿಗೆ ಚಿಕಿತ್ಸೆ ಕೊಡಬಹುದು. ನೀರು ಒಳಗೆ ಹೋಗಿ ಉಸಿರಾಡಲು ಒದ್ದಾಡುತ್ತಿರುವುದನ್ನು ಉಳಿಸುವುದು ಬಹಳ ಕಷ್ಟ. ಹಾಲಂತೂ ಬೇಡವೇ ಬೇಡ. ಹಕ್ಕಿಗೆ ಅದು ಅರಗುವುದಿಲ್ಲ, ಕಾಡುಪ್ರಾಣಿಯ ಮರಿಗಳಿಗೆ ಹಸುವಿನ ಹಾಲಿನಿಂದ ಭೇದಿ ಹತ್ತಿಕೊಳ್ಳುತ್ತದೆ.

ಮೈದಡವುವುದೂ ಅಷ್ಟೇ ಅಪಾಯ. ಕಾಡುಪ್ರಾಣಿಯ ಪಾಲಿಗೆ ನಾವು ಹಿಡಿದು ತಿನ್ನುವ ಮೃಗಗಳು. ಅದು ಸದ್ದಿಲ್ಲದೆ ಮುದುಡಿ ಕೂತಿದ್ದರೆ ಸಮಾಧಾನವಾಗಿದೆ ಎಂದಲ್ಲ, ಭಯದಿಂದ ಮರಗಟ್ಟಿದೆ. ಜಿಂಕೆಗಳಲ್ಲಿ ಹಿಡಿದಾಗಿನ ಭಯ, ಹೆಣಗಾಟಗಳಿಂದಲೇ ಸ್ನಾಯುಗಳು ಹಾಳಾಗಿ, ಗಾಯ ಸಣ್ಣದಿದ್ದರೂ ಕೆಲವು ದಿನಗಳ ಮೇಲೆ ಸತ್ತುಹೋಗುವುದುಂಟು. ಸುತ್ತ ಜನ ಸೇರಿಸಿಕೊಂಡು ಸೆಲ್ಫಿ ತೆಗೆಯುವವರಿಗೆ ಇದು ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು!

ಮೊದಲು ದೂರ ನಿಂತು ಅರಣ್ಯ ಇಲಾಖೆಗೋ ವನ್ಯಜೀವಿ ರಕ್ಷಣಾ ತಂಡಕ್ಕೋ ಫೋನ್ ಮಾಡಿ. ಸಣ್ಣ ಹಕ್ಕಿಯಾಗಿದ್ದು ಅವರು ಎತ್ತಲು ಹೇಳಿದರೆ, ಮೇಲೆ ಟವೆಲ್ ಹೊದಿಸಿ ಎತ್ತಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ. ಕತ್ತಲು, ಬೆಚ್ಚಗಿನ ಜಾಗ, ನಿಶ್ಶಬ್ದ, ಇಷ್ಟೇ ಅದಕ್ಕೆ ಆಗ ಬೇಕಾದದ್ದು. ಮತ್ತೆ ಮತ್ತೆ ತೆರೆದು ನೋಡಬೇಡಿ. ಬೆಕ್ಕಿನ ಬಾಯಿಂದ ಬಿಡಿಸಿದ ಹಕ್ಕಿಯ ಮೈಮೇಲೆ ಗಾಯವೇ ಕಾಣದಿದ್ದರೂ ಅಂದೇ ಚಿಕಿತ್ಸೆ ಕೊಡಿಸಿ. ಬೆಕ್ಕಿನ ಹಲ್ಲಿನಿಂದ ಒಳಸೇರುವ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಅದನ್ನು ಕೊಲ್ಲಬಲ್ಲವು.

ಬಾವಲಿ, ನರಿ, ಮುಂಗುಸಿಗಳನ್ನು ಮಾತ್ರ ಮುಟ್ಟಲೇಬೇಡಿ. ರೇಬಿಸ್ ಇರಬಹುದು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು 15 ನಿಮಿಷ ಸೋಪು, ನೀರಿನಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿದವರು ತೀರಾ ವಿರಳ.

ನನ್ನ ಬಳಿಗೆ ತರುವ ಎಷ್ಟೋ ಮರಿಗಳಿಗೆ ಗಾಯವೇ ಆಗಿರುವುದಿಲ್ಲ. ಪುಕ್ಕ ಬಂದು, ನೆಲದ ಮೇಲೆ ಕುಪ್ಪಳಿಸುತ್ತಿರುವ ಹಕ್ಕಿಮರಿ ಹಾರಲು ಕಲಿಯುತ್ತಿರುತ್ತದೆ. ತಾಯ್ತಂದೆ ಹತ್ತಿರದಲ್ಲೇ ಇರುತ್ತವೆ. ಮನುಷ್ಯನ ಕೈ ಸೋಕಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ ಎಂಬುದು ಸುಳ್ಳು. ಪುಕ್ಕ ಬಾರದ ಮರಿ ಬಿದ್ದಿದ್ದು, ಗೂಡು ಕೈಗೆಟುಕುವಂತಿದ್ದರೆ ಮರಳಿ ಅದರಲ್ಲೇ ಇಡಿ.

ನಿಮ್ಮಲ್ಲಿ ಒಂದು ಕೋರಿಕೆ. ಪ್ರಾಣಿ ರಕ್ಷಣೆಯ ಸುದ್ದಿ ಹಾಕಿದಾಗಲೆಲ್ಲ ಅದರ ಕೆಳಗೆ ಆಯಾ ಪ್ರದೇಶದ ರಕ್ಷಣಾ ತಂಡದ ಫೋನ್ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿ. ರಕ್ತ ಸುರಿಯುತ್ತಿರುವ ಪ್ರಾಣಿಯ ಮುಂದೆ ನಿಂತು ಗಾಬರಿಯಲ್ಲಿ ಹುಡುಕುವವರಿಗೆ ಆ ಸಂಖ್ಯೆ ಬೇಗ ಸಿಗುವುದಿಲ್ಲ.

— ಒಬ್ಬ ಪಶುವೈದ್ಯೆ